ಹಾಡಿನ ಹಿಂಬದಿ

ಲಿಫ್ಟ್ ನಿಂತ ಸದ್ದು, ಇಲ್ಲ, ನಮ್ಮ ಮಹಡಿಯಲ್ಲಲ್ಲ, ಮೇಲಿನದರಲ್ಲಿ, ಹಲ್ಲಿನ ಡಾಕ್ಟರು ಊಟ ಮುಗಿಸಿ ಬರುತ್ತೇನೆ ಎಂದಿದ್ದರು, ಹೆಂಡತಿಯನ್ನೂ ಕರೆತರುತ್ತಾರಂತೆ, ಬರಲಿ, ಕೇಳಲಿ, ದುಡ್ಡು ಕೊಟ್ಟು ಎತ್ತಿಕೊಂಡು ಹೋಗಲಿ, ಈ ಎರಡು ಸ್ಪೀಕರು ಹೊರಬಿದ್ದರೆ ನನ್ನವಳು ಅಕ್ಕನ ಮನೆಯಿಂದ ವಾಪಸು ಬರುತ್ತಾಳೆ — ಬರುತ್ತಾಳಾ? ಮತ್ತೊಮ್ಮೆ ಒರೆಸುತ್ತೇನೆ, ನನ್ನ ಅಂಗಡಿಯಲ್ಲಿ ಗಿರಾಕಿಗಳ ಕನ್ನಡಕ ಒರೆಸುವ ಬಟ್ಟೆಯಿಂದಲೇ, ಬಾಗಿಲಿನಷ್ಟು ಎತ್ತರ, ಆದರೆ ಪೆಟ್ಟಿಗೆಯೇ ಇಲ್ಲ, ಚೌಕಟ್ಟಿಗೆ ಬಿಗಿದ ತೆಳು ಹಾಳೆ ಅಷ್ಟೇ, ಅದು ಅದುರಿದರೆ ಮುಂದಕ್ಕೂ ಹಾಡು, ಹಿಂದಕ್ಕೂ ಹಾಡು, ಹಿಂದೆ ಹೋದದ್ದು ಗೋಡೆಗೆ ತಗಲಿ ತುಸು ತಡವಾಗಿ ತಿರುಗಿ ಬಂದು ಮುಂದಿನದನ್ನು ಕೂಡಿಕೊಳ್ಳುತ್ತದೆ, ಆಗ ಹಾಡುವವಳು ಡಬ್ಬದೊಳಗಿಂದ ಕೂಗುವುದಿಲ್ಲ, ಕೋಣೆಯಲ್ಲೇ ನಿಂತಿರುತ್ತಾಳೆ, ಅವಳ ಬೆನ್ನ ಹಿಂದೆಯೂ ಗಾಳಿ ಇರುತ್ತದೆ, ಮೊದಲ ಸಲ ಕೇಳಿದಾಗ ಹಿಂದೆ ಯಾರಿದ್ದಾರೆಂದು ಇಣುಕಿದ್ದೆ, ಎಲ್ಲರೂ ಹಾಗೇ ನೋಡ್ತಾರೆ ಸಾರ್, ಎಂದು ಮಾರುವವನು ನಕ್ಕಿದ್ದ. ಆದರೆ ಗೋಡೆಯಿಂದ ಒಂದು ಮಾರು ದೂರ ನಿಲ್ಲಿಸಬೇಕು, ಅಷ್ಟು ಬಿಟ್ಟರೆ ನಡುಮನೆಯಲ್ಲಿ ಉಳಿಯುವುದೇನು, ಏನ್ರೀ, ಬಾಗಿಲು ತಂದು ಗೋಡೆ ಕಟ್ಟೋದು ಮರೆತ್ರಾ, ಎಂದಿದ್ದಳು ನನ್ನವಳ ಅಕ್ಕ. ಸ್ಪೀಕರಿಗೂ ಗೋಡೆಗೂ ನಡುವಿನ ಆ ಸಂದಿಯಲ್ಲಿ, ಕಿಟಕಿಯ ಬೆಳಕಿಗೆಂದು, ನನ್ನವಳು ಸ್ಟೂಲು ಹಾಕಿಕೊಂಡು ಹೊಲಿಯುತ್ತಿದ್ದಳು, ಬಟ್ಟೆಯ ಬುಟ್ಟಿ ಬೇರೆ, ಬಟ್ಟೆ ಹಿಂದಿನ ಸದ್ದು ನುಂಗುತ್ತೆ ಕಣೇ, ಒಳಗೆ ಕೂತ್ಕೋ, ಅಂದೆ, ಅಷ್ಟೇ ಅಂದದ್ದು, ಸ್ಟೂಲು ಬುಟ್ಟಿ ಎರಡನ್ನೂ ನಾನೇ ಎತ್ತಿ ಒಳಗಿಟ್ಟೆ, ಮುಂದಕ್ಕೆ ಬರೋದೂ ನಿಮಗೇ, ಹಿಂದಕ್ಕೆ ಹೋಗೋದೂ ನಿಮಗೇನಾ, ಅಂದಳು, ದನಿ ಏರಿಸಲಿಲ್ಲ, ಮರುದಿನ ಬ್ಯಾಗು ಹಿಡಿದು ಹೊರಟಳು. ಅದು ಬೇಕೋ ನಾನು ಬೇಕೋ ಎಂದೇ ಅರ್ಥ ಅಲ್ಲವೇ, ಇನ್ನೇನು ಅರ್ಥ, ಹೇಗಿತ್ತೇ ಹಾಡು ಎಂದು ಕೇಳಿದಾಗಲೆಲ್ಲ ಒಂದೇ ಉತ್ತರ, ಹೊಲೀತಿದ್ದೆ, ಗಮನ ಇರ್ಲಿಲ್ಲ — ಬೆಲ್ಲು, ಬಂದರು.

ಡಾಕ್ಟರು ನನ್ನ ಕುರ್ಚಿಯಲ್ಲೇ ಕೂತರು, ಎಲ್ಲ ಬಿಟ್ಟು ಅದರಲ್ಲೇ, ಹಾಡು ಹಾಕಿದೆ, ಕಣ್ಣು ಮುಚ್ಚಿದರು, ಬಾಯಿ ತೆರೆದರು, ತಾವೇ ಹಲ್ಲು ತೋರಿಸಲು ಬಂದವರ ಹಾಗೆ, ಇಲ್ಲೇ ನಿಂತಿದ್ದಾಳಲ್ರೀ, ಅಂದರು, ಅವರ ಹೆಂಡತಿ ಪಕ್ಕಕ್ಕೆ ಸರಿದು, ಇಲ್ಲಿ ಏನೂ ಕೇಳ್ಸೋದೇ ಇಲ್ವಲ್ಲ, ಎಂದರು, ಪಕ್ಕಕ್ಕೆ ಕಮ್ಮಿ ಮೇಡಂ, ಹಿಂದೆ ಮುಂದೆ ಮಾತ್ರ, ಎಂದೆ, ಆಕೆ ಸ್ಪೀಕರಿನ ಹಿಂದಕ್ಕೆ ಹೋದರು, ಬರಲಿಲ್ಲ, ಹಾಡು ಮುಗಿದರೂ ಬರಲಿಲ್ಲ, ಯಾರೋ ಬೀರು ತೆಗೆದು ನೋಡುತ್ತಿರುವ ಹಾಗೆ ನನಗೆ ಕಸಿವಿಸಿ, ಆಮೇಲೆ ಅಲ್ಲಿಂದಲೇ ಗಂಡನಿಗೆ, ರೀ, ನೀವು ಮುಂದೆ ಕೂತ್ಕೊಳ್ಳಿ, ನನಗೆ ಇಲ್ಲೇ ಸಾಕು, ಇಲ್ಲಿ ಹಾಡು ಮೈಮೇಲೆ ಬೀಳಲ್ಲ, ಸುಮ್ಮನೆ ಜೊತೆಗಿರುತ್ತೆ.

ಜೊತೆಗಿರುತ್ತೆ, ಅಂದರೆ? ಅದೇ ಹಾಡು ಮತ್ತೆ ಹಾಕಿ ನಾನೂ ಹೋದೆ, ಆಕೆ ಎದ್ದು ಜಾಗ ಬಿಟ್ಟರು, ನೆಲದ ಮೇಲೆ ಕೂತೆ, ಇಷ್ಟು ವರ್ಷದಲ್ಲಿ ಹಾಡು ನಡೆಯುವಾಗ ಇಲ್ಲಿ ಕೂತವನಲ್ಲ, ಹೌದು, ಹಾಡುವವಳ ಬೆನ್ನು ಕಾಣುವ ಹಾಗೆ, ಅವಳು ಇನ್ಯಾರಿಗೋ ಹಾಡುತ್ತಿದ್ದಾಳೆ, ನಾವು ಮನೆಯವರು, ಒಳಗಿದ್ದೇವೆ — ತಿರುಗಿದರೆ ಗೋಡೆ, ಕಿಟಕಿಯ ಪಕ್ಕ ಅಂಗೈ ಅಗಲದ ಮಾಸಲು ಗುರುತು, ತಲೆಯೆಣ್ಣೆಯದು, ಸ್ಟೂಲಿನ ಮೇಲೆ ಕೂತವರ ತಲೆಯ ಎತ್ತರಕ್ಕೆ, ಒಂದು ದಿನದ್ದಲ್ಲ, ಸುಣ್ಣದೊಳಕ್ಕೇ ಇಳಿದದ್ದು. ಹೊಲಿಯುವವರು ತಲೆ ಬಗ್ಗಿಸುತ್ತಾರೆ. ತಲೆ ಹಿಂದಕ್ಕೆ ಒರಗಿಸಿ ಯಾರೂ ಹೊಲಿಯುವುದಿಲ್ಲ. ನನ್ನವಳಿಗೆ ಫೋನು ಹಚ್ಚಿದೆ, ಎತ್ತಿದಳು, ಹಾಡು ಫೋನಿನೊಳಕ್ಕೂ ಹೋಗುತ್ತಿತ್ತು, ಯಾಕೆ ಅಷ್ಟು ಜೋರಾಗಿ ಇಟ್ಟಿದೀರಿ, ಎಂದಳು, ಎರಡನೇ ಚರಣಕ್ಕೆ ಮುಂಚೆ ಉಸಿರು ತಗೋತಾಳಲ್ಲ, ಅದು ಮುಚ್ಚಿಹೋಗುತ್ತೆ, ತಗ್ಗಿಸಿ. ಆ ಉಸಿರು ನನಗೊಬ್ಬನಿಗೇ ಗೊತ್ತು ಅಂದುಕೊಂಡಿದ್ದೆ. ವ್ಯಾನು ಕರೆಸ್ಲಾ, ಎಂದು ಮುಂದಿನಿಂದ ಡಾಕ್ಟರು, ಬೇಡ ಡಾಕ್ಟ್ರೇ, ತಪ್ಪು ತಿಳ್ಕೋಬೇಡಿ, ಕೊಡಲ್ಲ, ಎಂದೆ, ಫೋನಿನಲ್ಲಿ ಅವಳು, ಏನು ಕೊಡಲ್ಲ, ಯಾರಿಗೆ, ಎಂದಳು, ಸ್ಟೂಲು ಹೊರಗೆ ತಂದಿಡ್ತೀನಿ, ಎಂದೆ, ಬುಟ್ಟಿ? ಎಂದಳು. ಬುಟ್ಟೀನೂ. ಸದ್ದು ನುಂಗುತ್ತಲ್ಲ. ನುಂಗ್ಲಿ, ಅಂದೆ, ಅವಳು ಬರುತ್ತೇನೆ ಅನ್ನಲಿಲ್ಲ, ಫೋನು ಇಡಲೂ ಇಲ್ಲ, ಡಾಕ್ಟರ ಹೆಂಡತಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾರೆ, ಎದ್ದು ಕಳಿಸಿಕೊಡಬೇಕು, ಕೂತೇ ಇರುವುದು ಮರ್ಯಾದೆ ಅಲ್ಲ, ಏಳಬೇಕು, ಏಳುತ್ತೇನೆ, ಆದರೆ ಗೋಡೆಯ ಮೇಲೆ ಅದು, ಅಂಗೈ ಅಗಲ, ಎಣ್ಣೆ ಇಳಿದದ್ದು, ತಲೆ ಒರಗಿಸಿದ ಎತ್ತರಕ್ಕೆ, ಅಂಗೈ ಅಗಲ —