ಬಿಟ್ಟ ಸ್ಥಳ ತುಂಬಿರಿ

"ಜ್ವರ ಬಂದ್ರೆ ಮನೇಲಿ ಬಿದ್ಕೊಂಡು ಸಾಯಿ! ನನ್ನ ಸಿಗಡಿ ಮೇಲೆ ಕೆಮ್ಮಿದ್ರೆ ಹಲ್ಲು ಉದುರಿಸ್ತೀನಿ, ಮುಂಡೇದೆ!"

ಮೇಸ್ತ್ರಿ ಹೀಗೆ ಬೈದದ್ದು ನಮ್ಮ ಐಸಕ್ಕನಿಗೆ. ನಾವು ಸಿಗಡಿ ಸುಲಿಯುವ ಶೆಡ್ಡಿನಲ್ಲಿ ಐಸು ಹೊರುವವಳು ಅವಳು, ಅದಕ್ಕೇ ಆ ಹೆಸರು. ಅವಳು ಮನೆಗೆ ಹೋದಳು. ಆ ದಿನದ ಕೂಲಿಯೂ ಅವಳ ಹಿಂದೆಯೇ ಹೋಯಿತು. ಅವಳ ಜಾಗಕ್ಕೆ ಮಗಳು ಬಂದು ನಿಂತಳು. ಆಗಷ್ಟೇ ಶಾಲೆ ಮುಗಿಸಿದ್ದ ಹುಡುಗಿ. ಕಾಲೇಜಿಗೆ ಹೋಗಬೇಕೆಂಬ ಹುಚ್ಚು ಅವಳಿಗೆ, ಕಳಿಸಲೇಬೇಕೆಂಬ ಹುಚ್ಚು ನಮಗೆಲ್ಲ. ಒಬ್ಬಳಾದರೂ ಈ ಗಬ್ಬುನಾತದಿಂದ ಪಾರಾಗಲಿ ಅಂತ.

ಕಾಲೇಜಿನ ಪ್ರವೇಶ ಪರೀಕ್ಷೆ ಕಂಪ್ಯೂಟರಿನ ಮೇಲೆ, ಅದೂ ಇಂಗ್ಲಿಷಿನಲ್ಲಿ. ಲೆಕ್ಕ ಅವಳಿಗೆ ನೀರು ಕುಡಿದಷ್ಟು ಸುಲಭ. ಪದಗಳೇ ಕಬ್ಬಿಣದ ಕಡಲೆ. ನಮ್ಮ ಯಾರ ಮನೆಯಲ್ಲೂ ಕೇಳದ ಪದಗಳವು. ಇಂಗ್ಲಿಷಿನವರೂ ಮನೆಯಲ್ಲಿ ಆಡಲಿಕ್ಕಿಲ್ಲ, ಪರೀಕ್ಷೆಗೆಂದೇ ಉಪ್ಪು ಹಾಕಿ ಇಟ್ಟಿರುತ್ತಾರೆ.

ಶೆಡ್ಡಿನಲ್ಲಿ ಮಾತಾಡಿದರೆ ದಂಡ, ಹಾಡಿದರೆ ಇಲ್ಲ. ಹಾಡಿದರೆ ಕೈ ಚುರುಕಾಗುತ್ತದೆಂದು ಮೇಸ್ತ್ರಿ ಕಂಡುಹಿಡಿದಿದ್ದ. ಸರಿ, ಪದಗಳನ್ನು ಹಾಡತೊಡಗಿದೆವು. ಹುಡುಗಿ ಪದ ಎತ್ತಿ ಅರ್ಥ ಹೇಳುವಳು, ನಾವು ಅದಕ್ಕೊಬ್ಬ ವಾರಸುದಾರನನ್ನು ಹುಡುಕುವೆವು. ಮುಖ ಅಂಟಿಸಿದ ಪದ ಮರೆಯುವುದಿಲ್ಲ. 'ಆರೊಗೆಂಟ್' ಎಂದರೆ ದುರಹಂಕಾರಿ ಎಂದಳು. ಎಲ್ಲರೂ ಮೇಸ್ತ್ರಿಯ ಕಡೆ ನೋಡಿದೆವು. 'ಸರ್ವೈಲ್' ಎಂದರೆ ಬಾಲಬಡುಕ, ಮೇಸ್ತ್ರಿಯ ಹಿಂದೆಯೇ ಸುತ್ತುವ ತೂಕದವನು ಸಿಕ್ಕ. ಕೆಟ್ಟ ಪದಗಳಿಗೆ ಜನ ನಾ ಮುಂದು ತಾ ಮುಂದು ಎಂದು ಸಿಕ್ಕರು. ಒಳ್ಳೆಯ ಪದಗಳಿಗೇ ಬರ. ಅವನ್ನು ನಾವೇ ಹಂಚಿಕೊಂಡೆವು.

"ನಂಗ್ಯಾವ್ದು ಕೊಟ್ರೇ?" ಎಂದು ನಮ್ಮಲ್ಲೆಲ್ಲ ಹಿರಿಯಳಾದ ದೊಡ್ಡಮ್ಮ ದಿನವೂ ಕೇಳುತ್ತಿದ್ದಳು, ಸೀರೆ ಹಂಚುವಾಗ ಕೇಳುವ ಹಾಗೆ.

ಪರೀಕ್ಷೆಯಲ್ಲಿ ಒಂದೇ ಒಂದು ಅಂಕಕ್ಕೆ ಸೀಟು ತಪ್ಪಿತು. ಉತ್ತರ ನೋಡಲು ಕಾಲೇಜಿನವರು ಕರೆದರು. ಸಿಗಡಿ ಸುಲಿಯುವ ನಮ್ಮ ಮೇಜಿನವರೆಲ್ಲ ಕೆಲಸ ಬಿಟ್ಟು ತಾಯಿ ಮಗಳ ಜೊತೆ ಹೋದೆವು.

ಕಾಲೇಜಿನ ಅಧಿಕಾರಿ ಮೂಗಿಗೆ ಕರ್ಚೀಫು ಒತ್ತಿಕೊಂಡ. "ಅಲ್ಲೇ ಬಾಗಿಲ ಹತ್ರ ನಿಂತ್ಕೊಳ್ಳಿ. ಕಾರ್ಪೆಟ್ ಹೊಸದು."

ಕಂಪ್ಯೂಟರನ್ನು ತಿರುಗಿಸಿ ಒಂದು ಪ್ರಶ್ನೆ ತೋರಿಸಿದ. ಹುಡುಗಿ ನಮಗಾಗಿ ಕನ್ನಡದಲ್ಲಿ ಹೇಳಿದಳು: "ಆ ಯಜಮಾನ ತುಂಬಾ ಡ್ಯಾಶ್. ಕಾಯಿಲೆ ಬಿದ್ದ ಕೆಲಸದವ್ರಿಗೆ ಸಂಬಳ ಕೊಟ್ಟು ರಜಾನೂ ಕೊಡ್ತಿದ್ದ." ಕೆಳಗಿನ ನಾಲ್ಕು ಪದಗಳಲ್ಲಿ ಒಂದನ್ನು ಆರಿಸಬೇಕಿತ್ತು.

"'ಬೆನೆವೊಲೆಂಟ್' ಕಣ್ಣೆದುರಿಗೇ ಇದೆ. ದಯಾಳು ಅಂತ. ನೀನು 'ಫಿಕ್ಟಿಷಸ್' ಒತ್ತಿದ್ದೀಯ. ಅದರ ಅರ್ಥ ಆದ್ರೂ ಗೊತ್ತಾ?"

"ಗೊತ್ತು ಸಾರ್. ಕಟ್ಟುಕತೆಯೋನು. ನಿಜವಾಗ್ಲೂ ಇಲ್ದೋನು."

"ಬೆನೆವೊಲೆಂಟ್ ಗೊತ್ತಿರಲಿಲ್ವಾ?"

"ಅದೂ ಗೊತ್ತು."

"ಮತ್ಯಾಕೆ ಒತ್ತಲಿಲ್ಲ?"

"ಸರಿಯಾದ್ದನ್ನ ಆರಿಸಿ ಅಂತ ಇತ್ತಲ್ಲ ಸಾರ್."

ದೊಡ್ಡಮ್ಮ ಕಿಸಕ್ಕನೆ ನಕ್ಕಳು. ಅಧಿಕಾರಿಯ ಮುಖ ಕೆಂಪಾಯಿತು.

"ಇದಕ್ಕೇ ಹೇಳೋದು, ಭಾಷೆ ಮನೆಯಿಂದ ಬರ್ಬೇಕು ಅಂತ. ಊಟಕ್ಕೆ ಕೂತಾಗ ಅಪ್ಪ ಅಮ್ಮ ಒಳ್ಳೊಳ್ಳೆ ಪದ ಬಳಸ್ಬೇಕು. ಹೋಗಿ, ಮುಂದಿನ ವರ್ಷ ನೋಡೋಣ."

ಮುಂದಿನ ವರ್ಷ ಎಂದರೇನೆಂದು ನಮಗೆ ಚೆನ್ನಾಗಿ ಗೊತ್ತು. ಶೆಡ್ಡಿಗೆ ಒಂದು ವರ್ಷಕ್ಕೆಂದು ಬಂದವಳು ನಾನೂ. ಹುಡುಗಿಯ ಬೆರಳ ತುದಿಗಳು ಆಗಲೇ ಐಸಿಗೆ ಬಿರಿದಿದ್ದವು.

ಐಸಕ್ಕ ಬಾಗಿಲು ಬಿಟ್ಟು ಮುಂದೆ ಬಂದಳು. ಕಾರ್ಪೆಟ್ಟಿನ ಮೇಲೆ ಅವಳ ಚಪ್ಪಲಿಯ ಕೆಸರು ಬಿತ್ತು.

"ಸಾರ್, ಈ ಯಜಮಾನ ಎಲ್ಲಿರೋದು?"

"ಎಲ್ಲಿ ಅಂದ್ರೆ... ಉದಾಹರಣೆ ಕಣಮ್ಮ ಅದು."

"ಅವನಿದ್ರೆ ವಿಳಾಸ ಕೊಡಿ, ನಾಳೆಯಿಂದ ನಾವೆಲ್ಲ ಅವನ ಹತ್ರಾನೇ ಕೆಲ್ಸಕ್ಕೆ ಹೋಗ್ತೀವಿ. ಇಲ್ಲ ಅಂದ್ರೆ ನನ್ನ ಮಗಳು ಒತ್ತಿದ್ದೇ ಸರಿ, ಅವಳ ಮಾರ್ಕು ಕೊಡಿ."

"ಏಯ್, ತಲೆಹರಟೆ ಮಾಡ್ಬೇಡ. ಆಚೆ ನಡಿ!"

ಅವಳು ಕುಕ್ಕರಿಸಿ ಕೂತಳು. ನಾವೂ ಹೋಗಿ ಕೂತೆವು, ಹೊಸ ಕಾರ್ಪೆಟ್ಟಿನ ನಟ್ಟನಡುವೆ. ಅಧಿಕಾರಿ ಗಂಟೆ ಒತ್ತಿದ. ವಾಚ್‌ಮನ್ ದೊಣ್ಣೆ ಹಿಡಿದು ಓಡಿ ಬಂದ.

"ಏನ್ರಮ್ಮಾ ಗಲಾಟೆ?"

ಐಸಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕಾಯಿಲೆಗೆ ರಜೆ, ರಜೆಗೂ ಸಂಬಳ ಕೊಡುವ ಯಜಮಾನನ ವಿಳಾಸ ಕೇಳ್ತಿದ್ದೀವಿ ಅಂತ. ವಾಚ್‌ಮನ್ ಕೇಳಿಸಿಕೊಂಡು ಅಧಿಕಾರಿಯ ಮುಖವನ್ನೇ ನೋಡಿದ. ಆಮೇಲೆ ದೊಣ್ಣೆಯನ್ನು ಗೋಡೆಗೆ ಒರಗಿಸಿದ.

"ಕೊಡಿ ಸಾರ್, ವಿಳಾಸ," ಎಂದ. "ನಂಗೂ ಬೇಕು."