ಎರಡು ಗುಂಡಿಗೂ ಒಂದೇ ಹೆಸರು

ಕಟ್ಟಡದ ಮೇಲ್ತುದಿಯಲ್ಲಿ, ತಗಡು ಹೊದ್ದ ಕೋಣೆಯಲ್ಲಿ ಇನ್ಶಿರಾ ಇದ್ದಳು. ಲಿಫ್ಟ್ ಕೆಟ್ಟು ವರ್ಷಗಳಾಗಿದ್ದವು. ಕಣ್ಣಿಲ್ಲದ ಹೆಂಗಸು ಗ್ಯಾಸ್ ಸಿಲಿಂಡರನ್ನು ಒಂದೊಂದೇ ಮೆಟ್ಟಿಲು ತಡವಿ ಮೇಲೇರಿಸುತ್ತಿದ್ದಳು. ಅಂಗವಿಕಲರಿಗೆ ನೆಲಮಹಡಿಯ ಮನೆ ಕೊಡುತ್ತಾರೆಂಬ ಸುದ್ದಿ ಅಲೆಕ್ಸಾಂಡ್ರಿಯಾದಲ್ಲಿ ಹಬ್ಬಿದಾಗ, ಅರ್ಜಿಯನ್ನು ಮೊಬೈಲಿನಲ್ಲಿ ತಾನೇ ತುಂಬಿದಳು. ಮೊಬೈಲು ಪರದೆಯನ್ನು ಓದಿ ಹೇಳುತ್ತದೆ. ಅವಳು ಕೇಳಿಸಿಕೊಂಡು ಒತ್ತುತ್ತಾಳೆ.

ಮನೆ ಬರಲಿಲ್ಲ. "ಅರ್ಜಿ ನೀನೇ ಅಳಿಸಿದ್ದೀಯಲ್ಲಮ್ಮ" ಎಂದರು ಮನೆ ಹಂಚುವ ಕಚೇರಿಯವರು.

ಕೆಳಗಿನ ಮನೆಯ ಸಬ್ರಿಯ ಬಾಗಿಲು ಬಡಿದಳು. ಕಂಪ್ಯೂಟರ್ ಮುಟ್ಟಿದವರನ್ನೆಲ್ಲ ಆ ಬೀದಿ ಎಂಜಿನಿಯರ್ ಎಂದೇ ಕರೆಯುತ್ತಿತ್ತು.

"ಎಂಜಿನಿಯರ್ ಸಾಹೇಬ್ರೇ, ನಂಗೇನು ಬುದ್ಧಿ ಕೆಟ್ಟಿತ್ತಾ? ಸ್ವಲ್ಪ ನೋಡಿ ಹೇಳಪ್ಪ."

ಸಬ್ರಿ ನೋಡಿದ. ಅರ್ಜಿಯದು ಅವನೇ ಕಟ್ಟಿದ ಪುಟ. ಕೊನೆಯಲ್ಲಿ 'ಕಳುಹಿಸು', 'ಅಳಿಸು' ಎಂಬ ಎರಡು ಗುಂಡಿ. ಅವಳು ಬೆರಳು ಸರಿಸಿದಳು. 'ಕಳುಹಿಸು' ಎಂದಿತು ಮೊಬೈಲು. ಇನ್ನೊಂದಕ್ಕೆ ಸರಿಸಿದಳು. ಮತ್ತೆ 'ಕಳುಹಿಸು'.

ಮೊದಲ ಗುಂಡಿಯನ್ನು ನಕಲು ಮಾಡಿಯೇ ಎರಡನೆಯದನ್ನು ಮಾಡಿದ್ದ. ಕಣ್ಣಿಗೆ ಕಾಣುವ ಪದ ಬದಲಿಸಿದ್ದ. ಕಿವಿಗೆಂದು ಒಳಗೆ ಬರೆದ ಹೆಸರು ಹಾಗೇ ಉಳಿದಿತ್ತು. ಒಳಗೆ ಹೆಸರಿದ್ದರೆ ಮೊಬೈಲು ಅದನ್ನೇ ಓದುತ್ತದೆ, ಹೊರಗಿನದನ್ನಲ್ಲ.

ಗೊತ್ತಿಲ್ಲದೆ ಆದದ್ದೂ ಅಲ್ಲ. ಎರಡಕ್ಕೂ ಒಂದೇ ಹೆಸರಿದೆ ಎಂದು, ಪುಟ ಒಪ್ಪಿಸುವ ಮುಂಚೆಯೇ ತನ್ನ ಕಂಪನಿಯ ಮಾಲೀಕ ಮಮ್ದೂಹ್‌ಗೆ ಹೇಳಿದ್ದ. ಮಮ್ದೂಹ್ ಕೈಯಾಡಿಸಿದ್ದ:

"ಹೆಸರು ಇದೆಯಾ ಅಂತಷ್ಟೇ ತಪಾಸಣೆ ಯಂತ್ರ ಕೇಳೋದು. ಸರಿಯಾಗಿದೆಯಾ ಅಂತ ಕೇಳಲ್ಲ. ಹಸಿರು ಗುರುತು ಬಂತಲ್ಲ, ಬಿಡು. ಕುರುಡರು ಬಂದು ನಿನ್ನ ತಪ್ಪು ಹುಡುಕ್ತಾರಾ?"

ಸಬ್ರಿ ನಕ್ಕಿದ್ದ. ಆ ನಗು ಈಗ ಮುಖಕ್ಕೆ ಉಗಿದಂತಾಯಿತು.

"ಮಾತಾಡಪ್ಪ. ನಾನೇ ಕೆಡಿಸಿದ್ನಾ?"

"ಇಲ್ಲ ಚಿಕ್ಕಮ್ಮ. ಕೆಡಿಸಿದ್ದು ನಾನು." ಎಲ್ಲ ಹೇಳಿದ.

ಇನ್ಶಿರಾ ಮೊಬೈಲನ್ನು ಮಡಿಲಿಗೆ ಇಳಿಸಿದಳು.

"ನಮ್ಮ ಕುರುಡರ ಸಂಘದ ಬಸ್ಯೂನಿ ಅರ್ಜೀನೂ ಹೀಗೇ ಹೋಯ್ತು. ಅಲ್ಲಿರೋ ಅಕ್ಕತಂಗೀರದ್ದೂ. ಎಲ್ಲಾ ತಮ್ಮ ಬೆರಳನ್ನೇ ಶಪಿಸ್ಕೊಂಡು ಕೂತಿದಾರೆ. ಬಾಯಿ ಬಿಡೋಕೂ ನಾಚ್ಕೆ. ನಾಚ್ಕೆ ನಮಗ್ಯಾಕೋ? ನಡಿ ಕಚೇರಿಗೆ. ಅಲ್ಲಿ ಹೇಳು."

"ಕೆಲಸ ಹೋಗುತ್ತೆ ಚಿಕ್ಕಮ್ಮ..."

ಅಂದು ನಾಲಗೆ ಕಚ್ಚಿಕೊಂಡ. ಅವಳು ಅವನ ಮೊಣಕೈ ಹಿಡಿದಳು.

ಇನ್ಶಿರಾ ಫೋನು ಮಾಡಿ ಕರೆದಿದ್ದಳು. ಕಚೇರಿಗೆ ಬಸ್ಯೂನಿ ಬಂದ. ಅಕ್ಕತಂಗಿಯರು ಬಂದರು. ಇನ್ನೂ ಎಷ್ಟೋ ಮಂದಿ, ಒಬ್ಬರ ಭುಜದ ಮೇಲೆ ಒಬ್ಬರು ಕೈಯಿಟ್ಟು.

"ಏನಿದು ಮೆರವಣಿಗೆ?" ಗುಮಾಸ್ತ ಗೊಣಗಿದ.

ಸಬ್ರಿ ಶುರುಮಾಡಿದ. ಮಮ್ದೂಹ್ ಹೆಸರು ಬಂದಲ್ಲಿಗೆ ದನಿ ಇಳಿಸಿದ.

"ತಲೆ ತಗ್ಗಿಸ್ಕೊಂಡಿದೀಯ. ಮಾತೆಲ್ಲ ನೆಲಕ್ಕೆ ಬೀಳ್ತಿದೆ" ಎಂದಳು ಇನ್ಶಿರಾ. "ಎತ್ತಿ ಹೇಳು. ಹಿಂದಿರೋರಿಗೂ ಕೇಳ್ಬೇಕು."