ಕ್ಷೌರದಂಗಡಿಗೆ ನುಗ್ಗಿದ ಕಾರು

ಕಾರು ಕಲಿಸುವ ಮೇಡಂ ಎಂದರೆ ಊರಿಗೆಲ್ಲ ಗೌರವವಿತ್ತು, ಆಕೆಯ ಕಾರು ಕ್ಷೌರದಂಗಡಿಗೆ ನುಗ್ಗುವವರೆಗೆ.

ಆವತ್ತು ಸ್ಟೀರಿಂಗ್ ಹಿಡಿದಿದ್ದವರು ನಿವೃತ್ತ ಹೆಡ್ಮಾಸ್ತರು. ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ತುಳಿದರು. ಪಕ್ಕದಲ್ಲಿದ್ದ ಮೇಡಂ ಕಾಲಡಿಯಲ್ಲೂ ಒಂದು ಬ್ರೇಕ್ ಇತ್ತು. ಆದರೆ ಸರಿಯಾಗಿ ಆ ಗಳಿಗೆಗೇ ಆಕೆಗೆ ಸೀನು ಬಂತು. ಕಣ್ಣು ಬಿಟ್ಟಾಗ ಕಾರಿನ ಮೂತಿ ಅಂಗಡಿಯೊಳಗಿತ್ತು. ಗಾಜಿನ ಬಾಗಿಲು ಪುಡಿಪುಡಿ. ಅರ್ಧ ಗಡ್ಡ ಕೆರೆಸಿಕೊಂಡಿದ್ದ ಗಿರಾಕಿ ನೊರೆ ಸಮೇತ ರಸ್ತೆಗೆ ಓಡಿದ್ದ. ಯಾರಿಗೂ ಪೆಟ್ಟಾಗಲಿಲ್ಲ, ಮೇಡಂ ಹೆಸರಿನ ಹೊರತು.

"ಆಯಮ್ಮ ನಿದ್ದೆ ಹೊಡೀತಿದ್ರು" ಎಂದು ಹೆಡ್ಮಾಸ್ತರು ಬೀದಿಬೀದಿಯಲ್ಲಿ ಸಾರಿದರು. ಕ್ಷೌರದಂಗಡಿಗೇ ಕ್ಷೌರ ಮಾಡಿದವಳೆಂದು ಊರು ನಕ್ಕಿತು. ಕಲಿಯುವವರು ಒಬ್ಬೊಬ್ಬರಾಗಿ ಇನ್ನೊಂದು ಡ್ರೈವಿಂಗ್ ಶಾಲೆಗೆ ಜಾರಿಕೊಂಡರು.

"ಸುಮ್ನೆ ನಿಂತಿರೋ ಕಾರು, ಅದರ ಮೇಲೆ ಬಟ್ಟೆನಾದ್ರೂ ಒಣಗ್ಹಾಕು" ಎಂದರು ಅತ್ತೆ. ಮೇಡಂ ನಿಜಕ್ಕೂ ಒಣಗಹಾಕಿದಳು. ಕಾರಿನೊಳಗೆ ಕೂತರೆ ಕಾಲು ನಡುಗುತ್ತಿತ್ತು; ಅದನ್ನು ಯಾರಿಗೂ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ಆ ಅಂಗಡಿಯ ಕ್ಷೌರಿಕನೇ ಬಂದು ನಿಂತ.

"ನಂಗೆ ಕಾರು ಕಲ್ಸಿ ಮೇಡಂ."

"ನಿಮ್ಗೆ ತಲೆ ನೆಟ್ಟಗಿದ್ಯಾ? ಆ ಇನ್ನೊಂದು ಶಾಲೆಗೆ ಹೋಗ್ಬಾರ್ದಾ?"

"ನಿಮ್ಮ ಕೈಲಿ ಆಗೋ ಅನಾಹುತ ಆಗೋಗಿದೆ. ಅವರದ್ದು ಇನ್ನೂ ಬಾಕಿ ಇದೆ."

ಮೇಡಂ ಬಾನೆಟ್ ಮೇಲೆ ಒಣಗುತ್ತಿದ್ದ ಲಂಗ ತೆಗೆದಳು.

ಪಾಠ ಘೋರವಾಗಿತ್ತು. ನಾಯಿ ಕಂಡರೆ ಮೇಡಂ ಕಾಲು ಬ್ರೇಕ್ ಮೇಲೆ, ಸೈಕಲ್ ಕಂಡರೆ ಬ್ರೇಕ್, ಹಾರಿಬಂದ ಪ್ಲಾಸ್ಟಿಕ್ ಚೀಲಕ್ಕೂ ಬ್ರೇಕ್. ಕ್ಷೌರಿಕನ ಮೂಗು ಸ್ಟೀರಿಂಗಿಗೆ ಬಡಿದು ಬಡಿದು ಕೆಂಪಾಯಿತು.

"ಮೇಡಂ, ಕತ್ತಿ ಹಿಡ್ಕೊಂಡು ನಾನು ಹಿಂಗೆ ಹೆದರಿದ್ರೆ ಊರಲ್ಲಿ ಅರ್ಧ ಜನ ಉಳೀತಿರ್ಲಿಲ್ಲ."

"ನಿಮ್ಮ ಕೈ ಯಾವತ್ತೂ ತಪ್ಪಿಲ್ವಾ?"

"ತಪ್ಪದೆ ಏನು! ಒಬ್ಬರ ಕಿವಿ ಸ್ವಲ್ಪ ಕುಯ್ದುಬಿಟ್ಟಿದ್ದೆ. ಮಾರನೇ ದಿನ ನಡುಗ್ತಾನೇ ಇನ್ನೊಬ್ಬರ ಗಡ್ಡಕ್ಕೆ ಕೈ ಹಾಕ್ದೆ. ಇಲ್ದಿದ್ರೆ ಅಂಗಡಿ ಬಾಗ್ಲು ಹಾಕ್ಬೇಕಿತ್ತು."

"ಯಾರ ಕಿವಿ?"

"ಹೆಡ್ಮಾಸ್ತರದ್ದು."

ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣೊರೆಸಿಕೊಂಡು ನೋಡಿದರೆ ಕಾರು ಮಾರುಕಟ್ಟೆಯ ಇಕ್ಕಟ್ಟಿನ ತಿರುವು ದಾಟಿತ್ತು. ಆಕೆ ಬ್ರೇಕ್ ಮುಟ್ಟಿರಲಿಲ್ಲ. ಕಾರು ಯಾರನ್ನೂ ಮುಟ್ಟಿರಲಿಲ್ಲ.

"ಇನ್ನೊಂದ್ಸಲ ತಿರುಗ್ಸಿ" ಎಂದಳು. ಕಾಲು ನಡುಗುತ್ತಲೇ ಇತ್ತು, ಆದರೆ ಇದ್ದಲ್ಲೇ ಇತ್ತು.

ಲೈಸೆನ್ಸ್ ಕೈಗೆ ಬಂದ ಮೇಲೆ ಕ್ಷೌರಿಕ ಗಿರಾಕಿಗಳಿಗೆಲ್ಲ ಮೇಡಂ ಗುಣಗಾನ ಮಾಡತೊಡಗಿದ. ಕತ್ತಿನ ಮೇಲೆ ಕತ್ತಿಯಿರುವಾಗ ಅಲ್ಲಗಳೆಯುವವರು ಯಾರು? ಹೋದವರಲ್ಲಿ ಅರ್ಧದಷ್ಟು ಮಂದಿ ತಲೆ ಕೆರೆದುಕೊಳ್ಳುತ್ತ ವಾಪಸ್ ಬಂದರು. ಹೊಸಬರೂ ಬಂದರು.

"ಅಯ್ಯೋ ಮೇಡಂ, ಎದುರಿಗೆ ಲಾರಿ!" ಎಂದು ಹೊಸ ವಿದ್ಯಾರ್ಥಿನಿ ಕಾರು ನಿಲ್ಲಿಸಿ ಚೀರಿದಳು.

"ಕಾಣ್ತಿದೆ ಕಣಮ್ಮಾ. ಅದು ನಿಂತಿರೋ ಲಾರಿ. ಗೇರ್ ಹಾಕಿ, ಹೊರಡಿ."